ಬಲಗಡೆಯ ಕಾಟರ್ ಪಿನ್

2024ರ ನವೆಂಬರ್ 17, ಭಾನುವಾರ
ಮೈಸೂರು

ಸೈಕಲ್ಲಿನ ಸದ್ದು ಇವತ್ತು ನಿಂತಿತು. ಹೋದ ತಿಂಗಳು ಒಂದು ಅಂಗಡಿಯಲ್ಲಿ ಬಿ.ಬಿ. ಗುಂಡುಗಳನ್ನು (ಎರಡು ಪೆಡಲುಗಳ ನಡುವಿನ ಆಕ್ಸೆಲ್ ತಿರುಗುವ ಬೇರಿಂಗ್ ಗುಂಡುಗಳು) ಬದಲಾಯಿಸಿಕೊಂಡು ಬಂದ ಮೇಲೆ ಶುರುವಾಗಿದ್ದ ಸದ್ದು ಅದು. ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ, ಲಲಿತಮಹಲ್ ಕಡೆಯ ಏರಿನಲ್ಲಿ ಜೋರಾಗಿ, ‘ಕಟ್’ ಎಂದು ಬರುತ್ತಿತ್ತು. ಏರಿನಲ್ಲಿ ದಾರಿಹೋಕರೂ ತಿರುಗಿ ನೋಡುವಷ್ಟು.

ನನ್ನದು ಕಪ್ಪು ಬಣ್ಣದ ಹಳೆಯ ಸೈಕಲ್. 28 ಇಂಚಿನ ಚಕ್ರ, ಕಂಬಿ ಬ್ರೇಕು, ಸ್ಪ್ರಿಂಗ್ ಸೀಟು. ಇಂಥದ್ದರಲ್ಲಿ ಸದ್ದು ಮಾಡಬಲ್ಲ ಜಾಗಗಳಿಗೆ ಬರವಿಲ್ಲ. ಮಡ್‌ಗಾರ್ಡು, ಚೈನ್ ಕವರ್, ಸ್ಟ್ಯಾಂಡು, ಕ್ಯಾರಿಯರ್ ಎಲ್ಲವೂ ಅನುಮಾನಕ್ಕೆ ಯೋಗ್ಯವೇ. ಸಾಲದ್ದಕ್ಕೆ ಉಕ್ಕಿನ ಟೊಳ್ಳು ಕೊಳವೆಗಳು ಸದ್ದನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತವೆ. ಏರು ಹತ್ತುವಾಗ ನನಗೆ ಅದು ಹ್ಯಾಂಡಲ್ಲಿನ ಬುಡದಿಂದಲೇ ಕೇಳಿಸುತ್ತಿತ್ತು. ಆದರೂ ಪಾನಾ ಹಿಡಿದು ಕಂಡ ಕಂಡ ನಟ್ಟನ್ನೆಲ್ಲ ಬಿಗಿಮಾಡುವುದು ನನಗೆ ಒಗ್ಗುವುದಿಲ್ಲ. ಸದ್ದಿಗೆ ಒಂದು ತಾಳವಿರುತ್ತದೆ. ಮೊದಲು ಅದನ್ನು ಎಣಿಸಬೇಕು.

ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಅಂದರೆ ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಹೆಚ್ಚುಕಡಿಮೆ ಎರಡೂವರೆ ಸುತ್ತು ಬರುತ್ತದೆ. ಚೈನಿನ ಲೆಕ್ಕ ಇದಕ್ಕೆ ತಿರುಗುಮುರುಗು: ಅದು ಒಂದು ಪೂರ್ತಿ ಸುತ್ತು ಹಾಕಲು ಪೆಡಲು ಸುಮಾರು ಎರಡೂವರೆ ಸಲ ತಿರುಗಬೇಕು. ನನ್ನ ಸದ್ದು ಪೆಡಲಿನ ಸುತ್ತಿಗೆ ಒಂದೇ ಸಲ, ಅದೂ ಪ್ರತಿ ಸುತ್ತಿಗೂ. ಹಾಗಾಗಿ ಚಕ್ರ, ಟೈರು, ಕಡ್ಡಿಗಳನ್ನು ಬಿಟ್ಟೆ. ಚೈನಿನ ಬಿಗಿಯಾದ ಕೊಂಡಿಯನ್ನೂ ಬಿಟ್ಟೆ. ಸೀಟಿನಿಂದ ಎದ್ದು ನಿಂತು ತುಳಿದಾಗಲೂ ಸದ್ದು ಬಂದದ್ದರಿಂದ ಸ್ಪ್ರಿಂಗುಗಳು ನಿರಪರಾಧಿಗಳು. ಸ್ಟ್ಯಾಂಡ್ ಹಾಕಿ ಪೆಡಲನ್ನು ಕೈಯಿಂದ ತಿರುಗಿಸಿದರೆ ಸದ್ದೇ ಇಲ್ಲ. ಚೈನ್ ಕವರಿಗೆ ಕ್ರ್ಯಾಂಕ್, ಅಂದರೆ ಪೆಡಲನ್ನು ಹೊತ್ತ ತೋಳು, ತಾಗುತ್ತಿದ್ದರೆ ಆಗಲೂ ಕೇಳಬೇಕಿತ್ತು. ಭಾರ ಬಿದ್ದಾಗ ಮಾತ್ರ ಮಿಸುಕುವ ಯಾವುದೋ ಒಂದು ಪೆಡಲಿನ ಬಳಿ ಇದೆ ಎಂದಾಯಿತು.

ಬೆಳಗ್ಗೆ ಖಾಲಿ ರಸ್ತೆಯಲ್ಲಿ ಬಲಗಾಲನ್ನು ಹಗುರವಾಗಿ ಇಟ್ಟುಕೊಂಡು ಎಡಗಾಲಿನಿಂದ ಒತ್ತಿ ತುಳಿದೆ. ‘ಕಟ್.’ ಕಾಲು ಬದಲಾಯಿಸಿದೆ, ಬಲಗಾಲಿನ ಒತ್ತಡಕ್ಕೆ ಸದ್ದಿಲ್ಲ. ಎಡಗಡೆಯ ಪೆಡಲನ್ನೇ ಹೊಸದು ಹಾಕಿಸೋಣ ಎಂದು ಯಾರಿಗಾದರೂ ಅನಿಸುವುದು ಇಲ್ಲಿಯೇ. ಆದರೆ ಈ ಬಗೆಯ ಸೈಕಲ್ಲಿನಲ್ಲಿ ಹಲ್ಲುಚಕ್ರ ಬಲ ಕ್ರ್ಯಾಂಕಿಗೇ ಕೂಡಿಕೊಂಡಿರುತ್ತದೆ. ಬಲಗಾಲಿನ ಬಲ ನೇರವಾಗಿ ಚೈನಿಗೆ ಹೋಗುತ್ತದೆ. ಎಡಗಾಲಿನದು ಸುತ್ತು ದಾರಿ: ಎಡ ಕ್ರ್ಯಾಂಕ್, ಅದರ ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸೆಲ್ಲಿಗೆ ಬಿಗಿಹಿಡಿಯುವ ಬೆಣೆ), ಆಕ್ಸೆಲ್, ಅಲ್ಲಿಂದ ಬಲಗಡೆಯ ಕಾಟರ್ ಪಿನ್, ಆಮೇಲೆ ಹಲ್ಲುಚಕ್ರ. ಎಡಗಾಲು ಎಬ್ಬಿಸುವ ಸದ್ದಿಗೆ ಬಲಗಡೆಯ ಪಿನ್ನೂ ಕಾರಣವಾಗಬಹುದು. ಈ ಏರ್ಪಾಟು ನನಗೆ ಬಹಳ ಇಷ್ಟ. ಬರಿಗಣ್ಣಿಗೆ ಪೂರ್ತಿ ಕಾಣುವ ಯಂತ್ರ.

ಮನೆಗೆ ಬಂದು ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. ಎರಡೂ ಕಡೆ ಆಕ್ಸೆಲ್ಲಿನ ತುದಿ ಕ್ರ್ಯಾಂಕಿನ ಕಣ್ಣಿನಲ್ಲಿ ಕಾಣುತ್ತದೆ. ಗ್ರೀಸ್ ಒರೆಸಿ, ಆಕ್ಸೆಲ್ಲಿನಿಂದ ಕ್ರ್ಯಾಂಕಿನವರೆಗೆ ಸೂಜಿಯಿಂದ ಒಂದು ಗೆರೆ ಗೀಚಿದೆ. ಎಡ ಪೆಡಲನ್ನು ಮುಂದಕ್ಕೆ ತಂದು ಮಗಳಿಗೆ ಒತ್ತಲು ಹೇಳಿದೆ. ಎಡಗಡೆಯ ಗೆರೆ ಅಲುಗಲಿಲ್ಲ. ಬಲಗಡೆಗೆ ಹೋಗಿ ಟಾರ್ಚ್ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತೆ. ಅವಳು ಒತ್ತಿದಾಗ ಗೆರೆ ಕೂದಲೆಳೆಯಷ್ಟು ಮುರಿಯಿತು, ಬಿಟ್ಟಾಗ ಮತ್ತೆ ಕೂಡಿತು. “ಅಪ್ಪಾ, ನಾನೂ ನೋಡಬೇಕು” ಎಂದಳು. ಅವಳನ್ನು ಕೂರಿಸಿ ನಾನು ಒತ್ತಿದೆ.

ಅಗ್ರಹಾರದ ಕಡೆ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿರುವ ಹಿರಿಯರ ಹತ್ತಿರ ಒಯ್ದೆ. ಅವರು ಕ್ರ್ಯಾಂಕಿನ ಕೆಳಗೆ ಪೈಪಿನ ತುಂಡು ಊರಿ ನಿಲ್ಲಿಸಿಯೇ ಸುತ್ತಿಗೆ ಎತ್ತಿದರು. ಊರುಗೋಲಿಲ್ಲದೆ ಹೊಡೆದರೆ ಪೆಟ್ಟೆಲ್ಲ ಗುಂಡುಗಳ ಮೇಲೆ ಬೀಳುತ್ತದೆ. ಹೊರಬಂದ ಪಿನ್ನಿನ ಚಪ್ಪಟೆ ಮುಖದಲ್ಲಿ ಎರಡು ಮೆಟ್ಟಿಲಿನಂಥ ಗುರುತು, ಆಕ್ಸೆಲ್ಲಿನ ಅಂಚು ಕಚ್ಚಿದ್ದು. ಪಿನ್ನು ಆಕ್ಸೆಲ್ಲಿಗಿಂತ ಮೆದು, ಸವೆಯುವುದು ಅದೇ. “ಹೋದ ಸಲ ಬಿಚ್ಚಿದವರು ಹಳೆಯ ಪಿನ್ನನ್ನೇ ಬಡಿದಿದ್ದಾರೆ ಸ್ವಾಮಿ. ಒಂದು ಸಲ ಕಚ್ಚಿಸಿಕೊಂಡದ್ದು ಇನ್ನೊಂದು ಸಲ ಅದೇ ಜಾಗಕ್ಕೆ ಕೂರುವುದಿಲ್ಲ” ಎಂದರು.

ಎರಡೂ ಕಡೆಗೆ ಹೊಸ ಪಿನ್ನು ಹಾಕಿಸಿದೆ. 9.5 ಮಿ.ಮೀ. ದಪ್ಪದವು. ಹೊಸದೆಂದರೆ ನೇರವಾಗಿ ಕೂರುವುದಿಲ್ಲ. ಅವರು ಚಪ್ಪಟೆ ಮುಖವನ್ನು ಅರದಿಂದ ಒಂದಿಷ್ಟು ಉಜ್ಜಿ, ತೂರಿಸಿ ನೋಡಿ, ಮತ್ತೆ ಉಜ್ಜಿ ಹದಕ್ಕೆ ತಂದರು. ಒಂದು ಪಿನ್ನಿನ ನಟ್ಟು ಮೇಲಕ್ಕೆ ಬಂದರೆ ಇನ್ನೊಂದರದು ಕೆಳಕ್ಕೆ ಬರಬೇಕು, ಇಲ್ಲವಾದರೆ ಎರಡು ಪೆಡಲೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ಕೂರಿಸುವುದು ಸುತ್ತಿಗೆ, ನಟ್ಟು ಅದನ್ನು ಹಿಡಿದಿಡುತ್ತದೆ ಅಷ್ಟೆ. ನಟ್ಟು ತಿರುಗಿಸಿಯೇ ಒಳಕ್ಕೆ ಎಳೆಯಲು ಹೋದರೆ ಪಿನ್ನಿನ ತಿರುಪಿನ ಮರೆ ಕಿತ್ತುಹೋಗುತ್ತದೆ.

ಮಧ್ಯಾಹ್ನ ಅದೇ ಏರನ್ನು ಎದ್ದು ನಿಂತು ತುಳಿದು ಹತ್ತಿದೆ. ಚೈನಿನ ಸದ್ದು ಮಾತ್ರ ಕೇಳಿಸಿತು. ಅಂಥ ಕೆಲಸಗಾರರು ಊರಿನಲ್ಲಿ ಇನ್ನೂ ಇರುವುದು ನಮ್ಮ ಪುಣ್ಯ.

ನಾಳೆ ಕಚೇರಿಗೆ ಹೋಗಿ ಬಂದ ಮೇಲೆ ಪಿನ್ನುಗಳಿಗೆ ಮತ್ತೊಮ್ಮೆ ಪೆಟ್ಟು ಕೊಟ್ಟು ನಟ್ಟು ಬಿಗಿಮಾಡಬೇಕು. ಹೊಸ ಪಿನ್ನು ಓಡಾಟಕ್ಕೆ ಸ್ವಲ್ಪ ಸಡಿಲವಾಗುತ್ತದೆ. ಪೈಪಿನ ತುಂಡು ಹುಡುಕಿಟ್ಟಿದ್ದೇನೆ.