ಹಾಜರಿ ಪುಸ್ತಕದಲ್ಲಿಲ್ಲದ ಸಿಬ್ಬಂದಿ

ನಮ್ಮ ವಾರ್ಡಿನ ಬಾಗಿಲಿಗೆ ಮೊನ್ನೆ ಹೊಸ ಫಲಕ ಹಚ್ಚಿದ್ದಾರೆ. 'ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ವಾರ್ಡಿನಲ್ಲಿ ಅನಾವಶ್ಯಕವಾಗಿ ಕುಳಿತುಕೊಳ್ಳಬಾರದು.' ಕುಳಿತುಕೊಳ್ಳಲು ಏನಾದರೂ ಇದ್ದರೆ ತಾನೇ? ಎರಡು ಮಂಚಗಳ ನಡುವೆ ಒಂದು ಕಬ್ಬಿಣದ ಪುಟ್ಟ ಕಪಾಟು ಇದೆ. ಅದರ ಪಕ್ಕ ಸ್ಟೂಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಜೊತೆಗೆ ಬಂದವರು ಮಂಚದ ಕೆಳಗೆ ಚಾಪೆ ಬಿಚ್ಚಿ, ತಲೆಯ ಹತ್ತಿರ ರೊಟ್ಟಿಯ ಗಂಟು ಇಟ್ಟುಕೊಂಡು ಮಲಗುತ್ತಾರೆ. ರಾತ್ರಿ ಇಂಜೆಕ್ಷನ್ ಟ್ರೇ ಹಿಡಿದು ಹೊರಟರೆ ಯಾರದಾದರೂ ಕೈ ತುಳಿದೇನೆಂದು ನೆಲ ನೋಡಿಕೊಂಡೇ ನಡೆಯಬೇಕು.

ನಾನು ಹುಬ್ಬಳ್ಳಿಯಲ್ಲಿ ಶುಶ್ರೂಷಕಿ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ನಿವೃತ್ತಿಗೆ ಇನ್ನೂ ಬಹಳ ವರ್ಷಗಳಿವೆ. ಸರ್ಕಾರಿಯೋ ಖಾಸಗಿಯೋ ಎಂಬುದನ್ನೂ ಹೇಳುವುದಿಲ್ಲ. ಎರಡರಲ್ಲೂ ದುಡಿದಿದ್ದೇನೆ, ನಾನು ಹೇಳಹೊರಟ ವಿಷಯದಲ್ಲಿ ಎರಡಕ್ಕೂ ಅಂಥ ಫರಕಿಲ್ಲ. ರಾತ್ರಿಯ ಹೊತ್ತು ವಾರ್ಡಿನ ಅರ್ಧ ಕೆಲಸ ಮಾಡುವವರು ಮಂಚದ ಕೆಳಗೆ ಮಲಗಿದ ಈ ಜನ. ಅದು ಆಡಳಿತಕ್ಕೆ ಗೊತ್ತು, ವೈದ್ಯರಿಗೆ ಗೊತ್ತು, ನಮಗಂತೂ ಚೆನ್ನಾಗಿಯೇ ಗೊತ್ತು. ಆದರೂ ಫಲಕ ಬರೆಯುವಾಗ ಅವರು 'ಅನಾವಶ್ಯಕ' ಆಗುತ್ತಾರೆ.

ಉತ್ಪ್ರೇಕ್ಷೆ ಅನ್ನಿಸಿದರೆ ಲೆಕ್ಕ ಹಾಕೋಣ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ಶುಶ್ರೂಷಕಿ, ಉಳಿದ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೆ ಒಬ್ಬರು ಇರಬೇಕು. ರಜೆಯ ಸಲುವಾಗಿ ಇನ್ನೂ ಶೇ 30ರಷ್ಟು ಹೆಚ್ಚುವರಿ ಬೇಕು. ಓದಲು ಚೆಂದ. ಆದರೆ ಇದು ಇಡೀ ದಿನದ ಲೆಕ್ಕ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಹಂಚಿದರೆ ಮೂರಕ್ಕೆ ಒಬ್ಬರು ಎಂಬುದು ಒಂಬತ್ತಕ್ಕೆ ಒಬ್ಬರಾಗುತ್ತದೆ, ಐದಕ್ಕೆ ಒಬ್ಬರು ಎಂಬುದು ಹದಿನೈದಕ್ಕೆ ಒಬ್ಬರಾಗುತ್ತದೆ. ಅದರಲ್ಲಿ ವಾರದ ರಜೆ, ಹೆರಿಗೆ ರಜೆ, ಬೇರೆ ವಿಭಾಗಕ್ಕೆ ನಿಯೋಜನೆ, ವರ್ಷಗಟ್ಟಲೆ ಭರ್ತಿಯಾಗದ ಹುದ್ದೆ ಎಲ್ಲವನ್ನೂ ಕಳೆಯಿರಿ. ರಾತ್ರಿ ಹನ್ನೊಂದಕ್ಕೆ ನಮ್ಮ ಹೆಣ್ಣುಮಕ್ಕಳ ಎಲುಬು-ಕೀಲಿನ ವಾರ್ಡಿಗೆ ಬಂದು ನೋಡಿದರೆ ಮೂವತ್ತು ಚಿಲ್ಲರೆ ಮಂಚಗಳಿಗೆ ನಾನು, ತರಬೇತಿಗೆ ಬಂದ ಒಬ್ಬಳು ಹುಡುಗಿ, ಮತ್ತು ಎರಡು ವಾರ್ಡುಗಳಿಗೆ ಸೇರಿ ಒಬ್ಬಳು ಆಯಾ. ಆಯಾ ಹೊರಗುತ್ತಿಗೆಯವಳು. ಸಂಬಳ ಎರಡು ತಿಂಗಳು ತಡವಾದರೂ ಕೆಲಸಕ್ಕೆ ತಪ್ಪದವಳು, ಅವಳ ಬಗ್ಗೆ ಎಂದಾದರೂ ಬೇರೆಯಾಗಿಯೇ ಬರೆಯಬೇಕು.

ಸೊಂಟ ಮುರಿದವರು, ತೊಡೆಗೆ ರಾಡು ಹಾಕಿಸಿಕೊಂಡವರು, ತೂಕ ಕಟ್ಟಿಸಿಕೊಂಡು ಅಂಗಾತ ಮಲಗಿದವರು ತಾವಾಗಿ ಮಗ್ಗುಲು ಬದಲಿಸಲಾರರು. ಅವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಹೊರಳಿಸಲು ಬರದವರನ್ನು ಎತ್ತಿ ಒತ್ತಡ ತಪ್ಪಿಸಬೇಕು. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಮೊದಲು ಟೊಂಕದ ಕೆಳಗೋ ಹಿಮ್ಮಡಿಗೋ ಒಂದು ಕೆಂಪು ಮಚ್ಚೆ ಬರುತ್ತದೆ, ಬೆರಳಿನಿಂದ ಒತ್ತಿದರೂ ಬಿಳಿಚುವುದಿಲ್ಲ. ಅಲ್ಲಿಗೆ ಎಚ್ಚರವಾಗದಿದ್ದರೆ ಕೆಲವೇ ದಿನಗಳಲ್ಲಿ ಅದು ಹುಣ್ಣಾಗುತ್ತದೆ. ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿರಲಿ, ಮುದುಕಿ ಮನೆಗೆ ಹೋಗುವುದು ಆ ಹುಣ್ಣು ಮಾಯ್ದ ಮೇಲೆಯೇ. ನಮ್ಮ ವಾರ್ಡಿನಲ್ಲಿ ಹೊರಳಿಸಬೇಕಾದವರು ಹತ್ತು ಜನ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಐದು ನಿಮಿಷ ಹಿಡಿದರೂ ಐವತ್ತು ನಿಮಿಷ, ಅದಕ್ಕೂ ಇಬ್ಬರು ಬೇಕು. ಪ್ರತಿ ಎರಡು ಗಂಟೆಯಲ್ಲಿ ಐವತ್ತು ನಿಮಿಷ ಇದಕ್ಕೇ ಹೋದರೆ ಇಂಜೆಕ್ಷನ್ ಕೊಡುವವರು ಯಾರು, ಬಿಪಿ ನೋಡುವವರು ಯಾರು, ಹಾವೇರಿ ಕಡೆಯಿಂದ 108ರಲ್ಲಿ ಬಂದಿಳಿದ ಅಪಘಾತದ ಕೇಸು ತೆಗೆದುಕೊಳ್ಳುವವರು ಯಾರು?

ಈ ಪ್ರಶ್ನೆಗೆ ಉತ್ತರ ರೋಣ ತಾಲ್ಲೂಕಿನಿಂದ ಬಂದಿದ್ದ ಒಬ್ಬ ಸೊಸೆ. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ ಅತ್ತೆಯನ್ನು ಕರೆತಂದಿದ್ದಳು. ಶಸ್ತ್ರಚಿಕಿತ್ಸೆಯಾದ ರಾತ್ರಿ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ನೀವು ಬರುವ ತನಕ ನಾನು ಕಾಯಬೇಕೋ, ಇಲ್ಲ ನಾನೇ ಹೊರಳಿಸಬಹುದೋ?" ಎಂದು ಕೇಳಿದಳು. ಹೀಗೆ ನೇರವಾಗಿ ಕೇಳುವವರು ಕಡಿಮೆ. ಹೆಚ್ಚಿನವರು ಹೆದರಿ ಮುಟ್ಟದೆ ಬಿಡುತ್ತಾರೆ, ಇಲ್ಲವೇ ಮುದುಕಿಯ ರಟ್ಟೆ ಹಿಡಿದು ಎಳೆಯುತ್ತಾರೆ.

ಅವಳ ಹತ್ತಿರ ಊರಿಂದ ತಂದ ಕೌದಿ ಇತ್ತು. ಅದನ್ನೇ ಎರಡು ಮಡಿಕೆ ಮಾಡಿ ಮುದುಕಿಯ ಹೆಗಲಿನಿಂದ ತೊಡೆಯ ತನಕ ಬರುವಂತೆ ಕೆಳಗೆ ಸೇರಿಸಿದೆವು. ಆಚೆ ಒಬ್ಬರು ಈಚೆ ಒಬ್ಬರು ಕೌದಿಯ ಅಂಚನ್ನು ಮೈಗೆ ಹತ್ತಿರ ಸುತ್ತಿ ಹಿಡಿದು, ಒಂದೇ ಸಲ ಎತ್ತಿ ಸರಿಸಬೇಕು, ಎಳೆಯಬಾರದು. ಎಳೆದರೆ ಚರ್ಮ ಉಜ್ಜುತ್ತದೆ. ಎರಡು ಮೊಣಕಾಲುಗಳ ನಡುವೆ ದಿಂಬು ಇರಲೇಬೇಕು, ಆಪರೇಷನ್ ಆದ ಕಾಲು ಇನ್ನೊಂದರ ಮೇಲೆ ಬೀಳಬಾರದು. ಮೀನಖಂಡದ ಕೆಳಗೆ ಮಡಿಸಿದ ಸೀರೆ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಒಮ್ಮೆ ತೋರಿಸಿದೆ. ಮರುಸಲ ಅವಳೇ ಮಾಡಿದಳು, ನಾನು ಬರೀ ನೋಡಿದೆ.

ಅವಳ ಬಟನ್ ಮೊಬೈಲಿನಲ್ಲಿ ಕೋಳಿ ಕೂಗುವ ಅಲಾರಾಂ ಇತ್ತು. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ವಾರ್ಡಿನ ಕತ್ತಲೆಯಲ್ಲಿ ಕೋಳಿ ಕೂಗತೊಡಗಿತು. ಪಕ್ಕದ ಮಂಚದ ಅಜ್ಜಿ ಮೊದಲು ಬಾಯಿಗೆ ಬಂದಂತೆ ಬೈದಳು. ಒಂದೆರಡು ರಾತ್ರಿ ಕಳೆಯುವಷ್ಟರಲ್ಲಿ ಆ ಅಜ್ಜಿಯ ಮಗಳೇ ಎದ್ದು ಬಂದು ಕೌದಿಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಆಮೇಲೆ ಈ ಸೊಸೆ ಹೋಗಿ ಆ ಅಜ್ಜಿಯನ್ನು ಹೊರಳಿಸಿ ಬರುತ್ತಿದ್ದಳು. ಕಿಟಕಿಯ ಸಾಲಿನ ಮಂಚಗಳಿಗೆಲ್ಲ ಅದೇ ಕೋಳಿ ಗಡಿಯಾರವಾಯಿತು. ಆ ಸಾಲಿನಲ್ಲಿ ಒಬ್ಬರಿಗೂ ಹಾಸಿಗೆ ಹುಣ್ಣು ಆಗಲಿಲ್ಲ. ಮಗ್ಗುಲು ಬದಲಿಸಿದ ದಾಖಲೆಯ ಹಾಳೆಯಲ್ಲಿ ಮಾತ್ರ ಎರಡು ಗಂಟೆಗೊಂದರಂತೆ ಇರುವ ಸಹಿಗಳೆಲ್ಲ ನನ್ನವು. ಬೇರೆಯವರ ಹೆಸರು ಬರೆಯಲು ಆ ಹಾಳೆಯಲ್ಲಿ ಕಾಲಮ್ಮೇ ಇಲ್ಲ.

ಎಲ್ಲರೂ ಇವಳಂತಿರುವುದಿಲ್ಲ, ಎಲ್ಲ ಕೆಲಸವನ್ನೂ ಅವರ ಕೈಗೆ ಕೊಡಲೂಬಾರದು. ಹನಿಯ ವೇಗ ಹೆಚ್ಚು ಕಡಿಮೆ ಮಾಡುವ ಸಲೈನಿನ ಚಕ್ರ ತಿರುಗಿಸುವುದು ನಮ್ಮ ಕಡೆಯ ಜನಕ್ಕೆ ಒಂದು ಚಟ. ಬಾಟಲಿ ಬೇಗ ಖಾಲಿಯಾದರೆ ಜಡ್ಡು ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿ ಸೇರಿದರೆ ಒಂದು ಎಂಎಲ್. 500 ಎಂಎಲ್ ಬಾಟಲಿ ಎಂಟು ಗಂಟೆಯಲ್ಲಿ ಹೋಗಬೇಕೆಂದರೆ ನಿಮಿಷಕ್ಕೆ ಸುಮಾರು 21 ಹನಿ. ಅಷ್ಟಕ್ಕೆ ಹೊಂದಿಸಿ ನಾನು ಆಚೆ ಹೋದರೆ, ಮಗನೋ ಅಳಿಯನೋ ಬಂದು ಧಾರೆಯಾಗಿ ಬಿಟ್ಟಿರುತ್ತಾನೆ. ಹೃದಯ ದುರ್ಬಲವಾದ ಮುದುಕರಿಗೆ ಅಷ್ಟು ನೀರು ಒಮ್ಮೆಲೆ ಹೋದರೆ ಶ್ವಾಸಕೋಶ ತುಂಬಿಕೊಂಡು ಉಸಿರಿಗೇ ಕುತ್ತು. ಮೂಗಿನ ನಳಿಕೆಯಿಂದ ಗಂಜಿ ಹಾಕುವುದೂ ಹಾಗೆಯೇ. ತಲೆಯ ಕಡೆ ಎತ್ತರಿಸದೆ, ಮಲಗಿಸಿಕೊಂಡೇ ಹಾಕಿದರೆ ಹೊಟ್ಟೆಯಿಂದ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಇವು ನಮ್ಮ ಕೆಲಸ. ಸಿಬ್ಬಂದಿ ಇಲ್ಲವೆಂದು ಇವನ್ನೂ ರೋಗಿಯ ಕಡೆಯವರ ತಲೆಗೆ ಕಟ್ಟುವ ಆಸ್ಪತ್ರೆಗಳನ್ನು ನೋಡಿದ್ದೇನೆ. ಹೊರಳಿಸುವುದು, ಬಾಯಿ ತೊಳೆಸುವುದು, ಊಟ ಮಾಡಿಸುವುದು, ಹಿಡಿದು ನಡೆಸುವುದು ಒಂದು ಕಡೆ. ಹನಿ, ನಳಿಕೆ, ಆಮ್ಲಜನಕ, ಇಂಜೆಕ್ಷನ್ ಇನ್ನೊಂದು ಕಡೆ. ಈ ಗೆರೆಯನ್ನು ಯಾರಾದರೂ ಎಳೆದು ಹೇಳಬೇಕಲ್ಲ? ಫಲಕದಲ್ಲಿ ಬರೆಯಬೇಕಾದದ್ದು ಅದನ್ನು.

ಜೊತೆಗೆ ಬರುವವರು ಯಾರು ಎಂಬುದೂ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಪಾಳಿಯ ಮೇಲೆ ಬರುತ್ತಾರೆ. ನವಲಗುಂದದಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಅಕ್ಕ ಬಂದರೆ, ರಾತ್ರಿಯಿಡೀ ಎಚ್ಚರವಿದ್ದ ತಂಗಿ ಶೂನ್ಯ ದರದ ಟಿಕೆಟಿನಲ್ಲಿ ಊರಿಗೆ ಹೋಗುತ್ತಾಳೆ. ಮೊದಲಾದರೆ ಬಂದವಳು ಬಂದ ಸೀರೆಯಲ್ಲೇ ವಾರಗಟ್ಟಲೆ ಇರುತ್ತಿದ್ದಳು. ಆ ಯೋಜನೆಯ ಬಗ್ಗೆ ಯಾರು ಏನೇ ಟೀಕಿಸಲಿ, ನಮ್ಮ ವಾರ್ಡಿಗೆ ಅದರಿಂದ ನಿದ್ದೆ ಮಾಡಿ ಬಂದ ಕೈಗಳು ಸಿಕ್ಕಿವೆ. ಆದರೆ ರೋಹಿಣಿ ಮಳೆ ಬಿದ್ದು ಮಿರಗ ಹತ್ತಿರವಾಯಿತೆಂದರೆ ಈ ಕೈಗಳೂ ಬಿತ್ತನೆಗೆ ಹೊರಟುಬಿಡುತ್ತವೆ. ಜೂನ್ ತಿಂಗಳಲ್ಲಿ ಒಂಟಿಯಾಗಿ ಮಲಗಿದ ಮುದುಕಿಯರು ಹೆಚ್ಚು, ಹಾಸಿಗೆ ಹುಣ್ಣೂ ಹೆಚ್ಚು. ಯಾರನ್ನು ದೂರುವುದು? ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ, ನಿಜ. ಜೊತೆಗೆ ಕೂತವಳ ಕೂಲಿ ಅದರಲ್ಲಿ ಬರುವುದಿಲ್ಲ. ಉದ್ಯೋಗ ಖಾತ್ರಿಯ 2025-26ರ ದರ ಹಿಡಿದರೂ ದಿನಕ್ಕೆ 370 ರೂಪಾಯಿ ಬಿಟ್ಟು ಅವಳು ನನ್ನ ವಾರ್ಡಿನಲ್ಲಿ ದುಡಿಯುತ್ತಿದ್ದಾಳೆ.

ಇನ್ನು ತಪಾಸಣೆಯ ದಿನದ ಚೆಂದ ಕೇಳಿ. ಆಸ್ಪತ್ರೆಯ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ತಪಾಸಣೆ ಇದು, ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯೂಎಎಸ್, ಖಾಸಗಿಯವರಿಗೆ ಹೆಚ್ಚಾಗಿ ಎನ್‌ಎಬಿಎಚ್. ಎರಡನ್ನೂ ನೋಡಿದ್ದೇನೆ. ಹಿಂದಿನ ದಿನವೇ ಆಸ್ಪತ್ರೆಯ ಕಸ ಬೇರ್ಪಡಿಸುವ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಹೊಳೆಯುತ್ತವೆ, ಕೈ ತೊಳೆಯುವ ಕ್ರಮದ ಚಿತ್ರ ಗೋಡೆಗೇರುತ್ತದೆ. ಇವು ಬೇಡವೆಂದಲ್ಲ, ಇವುಗಳಿಂದ ಸೋಂಕು ಕಡಿಮೆಯಾಗಿದೆ. ಆದರೆ ತಪಾಸಣೆಯವರು ಬರುವ ಹೊತ್ತಿಗೆ ಕಡೆಯವರನ್ನೆಲ್ಲ ಚಾಪೆ, ಗಂಟು ಸಮೇತ ಹೊರಗೆ ಕಳಿಸುತ್ತಾರೆ. ವಾರ್ಡ್ ಫೋಟೊದಲ್ಲಿದ್ದಂತೆ ಕಾಣುತ್ತದೆ. ಅರ್ಧ ಗಂಟೆಯೊಳಗೆ ಒಬ್ಬರಿಗೆ ನೀರು ಬೇಕು, ಒಬ್ಬರಿಗೆ ಬೆಡ್‌ಪ್ಯಾನ್ ಬೇಕು, ಇನ್ನೊಬ್ಬರು ಕೂಗುವುದಕ್ಕೆ ನಾಚಿ ಅಳುತ್ತಾರೆ. ನಾವು ಓಡುತ್ತಿರುತ್ತೇವೆ, ಬಂದವರು ನಮ್ಮ ಓಟವನ್ನು ಚುರುಕುತನ ಎಂದುಕೊಳ್ಳುತ್ತಾರೆ.

ಹೆರಿಗೆ ವಿಭಾಗದಲ್ಲಿ ಇದಕ್ಕೆ ಒಂದು ದಾರಿ ಆಗಲೇ ಇದೆ. ಹೆರಿಗೆ ನೋವಿನ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಹೆಣ್ಣು ಸಂಬಂಧಿಯಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು, ಸೋಂಕು ರೋಗ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಅವಳಿಗೆ ಒಂದು ಸ್ಥಾನವಿದೆ, ಅದಕ್ಕೊಂದು ಮಿತಿಯೂ ಇದೆ. ನೂರಾ ಹೆಲ್ತ್ ಎಂಬ ಸಂಸ್ಥೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ನಮ್ಮಂಥ ಶುಶ್ರೂಷಕಿಯರ ಕೈಯಿಂದಲೇ ಮನೆಯವರಿಗೆ ಆರೈಕೆಯ ಪಾಠ ಹೇಳಿಸುತ್ತದೆ. ಬಾಣಂತಿಯ ತಾಯಿಗೆ ಆಗುವುದು ಸೊಂಟ ಮುರಿದವಳ ಸೊಸೆಗೆ ಏಕೆ ಆಗಬಾರದು?

ನಾನು ಕೇಳಿದ್ದು ಬಹಳ ಸಣ್ಣದು. ಮಂಚಕ್ಕೊಂದು ಮಡಚುವ ಸ್ಟೂಲು, ದಾಖಲೆಯ ಹಾಳೆಯಲ್ಲಿ ಒಂದು ಕಾಲಮ್ಮು, ಕಡೆಯವರಿಗೆ ಕಲಿಸಲು ಪಾಳಿ ಬದಲಾಗುವಾಗ ಹತ್ತು ನಿಮಿಷ. ಸ್ಟೂಲಿನ ವಿಷಯಕ್ಕೆ ಬಂದ ಉತ್ತರ, "ಕಡೆಯವರಿಗೆ ಪೀಠೋಪಕರಣ ಕೊಡಲು ಲೆಕ್ಕಶೀರ್ಷಿಕೆ ಇಲ್ಲ." ಕಾಲಮ್ಮು ಸಮಿತಿಯ ಮುಂದಿದೆಯಂತೆ. ಹತ್ತು ನಿಮಿಷಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಶುರು ಮಾಡಿದ್ದೇನೆ. ರಾತ್ರಿ ಎಂಟೂವರೆಗೆ ಖಾಲಿ ಮಂಚದ ಮೇಲೆ ತರಬೇತಿಯ ಹುಡುಗಿಯನ್ನು ಮಲಗಿಸಿ ಕೌದಿಯ ವಿದ್ಯೆ ತೋರಿಸುತ್ತೇನೆ. ಹೆಂಗಸರು ಮುಂದೆ ನಿಲ್ಲುತ್ತಾರೆ. ಗಂಡಸರನ್ನು ಸಂಜೆಯ ಭೇಟಿಯ ಹೊತ್ತಿನಲ್ಲಿ ಹಿಡಿಯಲು ನೋಡಿದೆ, ಅವರು ರೇಷನ್ ಕಾರ್ಡಿನ ಜೆರಾಕ್ಸ್ ತೆಗೆಸಬೇಕೆಂದು ಜಾರಿಕೊಳ್ಳುತ್ತಾರೆ.

ನಿಮ್ಮ ಮನೆಯವರು ಆಸ್ಪತ್ರೆಗೆ ಸೇರಿ ನೀವು ಜೊತೆಗಿರಬೇಕಾಗಿ ಬಂದರೆ ಒಂದು ಹೆಚ್ಚುವರಿ ಕೌದಿ ಅಥವಾ ದಪ್ಪ ಚಾದರ, ಎರಡು ದಿಂಬು, ಅಲಾರಾಂ ಇರುವ ಮೊಬೈಲ್ ತನ್ನಿ. ಮೂತ್ರದ ಚೀಲ ಯಾವಾಗಲೂ ಮಂಚಕ್ಕಿಂತ ಕೆಳಗೆ ತೂಗಾಡುತ್ತಿರಲಿ, ಹೊರಳಿಸುವಾಗ ಹಾಸಿಗೆಯ ಮೇಲಿಡಬೇಡಿ, ನೆಲಕ್ಕೂ ತಾಗಿಸಬೇಡಿ. ಸಲೈನಿನ ಚಕ್ರ ಮುಟ್ಟಬೇಡಿ. ಬಾಟಲಿ ಮುಗಿಯುತ್ತಾ ಬಂದಾಗ ಕರೆಯಿರಿ, ಪೂರ್ತಿ ಮುಗಿದ ಮೇಲಲ್ಲ. ಹೊರಳಿಸುವುದು ಹೇಗೆಂದು ಸಿಸ್ಟರ್ ಹತ್ತಿರ ಕೇಳಿ. ಅವರು ಸಿಡುಕಿದರೆ ಬೇಜಾರಾಗಬೇಡಿ, ರಾತ್ರಿ ಹತ್ತರ ಇಂಜೆಕ್ಷನ್ ಸುತ್ತು ಮುಗಿದ ಮೇಲೆ ಹೋಗಿ ಇನ್ನೊಮ್ಮೆ ಕೇಳಿ.