ಮುಚ್ಚಳ ಒಂದೋ, ಎರಡೋ?

ಆ ಕೈಪಿಡಿಗೆ ನಾನೇ ನೂರಕ್ಕೆ ತೊಂಬತ್ತೆರಡು ಅಂಕ ಕೊಟ್ಟಿದ್ದೆ. ದೊಡ್ಡ ಅಕ್ಷರ, ಹಂತಹಂತವಾಗಿ ಚಿತ್ರ, ಸರಳ ವಾಕ್ಯ. ಇನ್ಸುಲಿನ್ ಪೆನ್ ಅಧ್ಯಾಯದ ಮೂರನೇ ಹಂತದಲ್ಲಿ ಹೀಗಿತ್ತು: "ಸೂಜಿಯ ಮುಚ್ಚಳ ತೆಗೆಯಿರಿ." ಇದಕ್ಕಿಂತ ಸರಳವಾಗಿ ಬರೆಯುವುದು ಹೇಗೆ ಅಂದುಕೊಂಡು ಪುಟ ತಿರುವಿದ್ದೆ.

ನನ್ನದು ಮಧುಮೇಹ ಶಿಕ್ಷಣದ ಕೆಲಸ. ರೋಗಿಗಳ ಜೊತೆ ನೇರವಾಗಿ ಮಾತಾಡುವುದು ಅರ್ಧ. ನರ್ಸ್‌ಗಳು, ಫಾರ್ಮಸಿಸ್ಟರು, ಆಹಾರ ತಜ್ಞರು ರೋಗಿಗೆ ಹೇಳಿಕೊಡಲು ಇಟ್ಟುಕೊಳ್ಳುವ ಕೈಪಿಡಿ, ಪೋಸ್ಟರ್, ವಿಡಿಯೊಗಳನ್ನು ನೋಡಿ ಯಾವುದಿರಲಿ, ಯಾವುದು ಬೇಡ ಎಂದು ಹೇಳುವುದು ಇನ್ನರ್ಧ. ಈ ಎರಡನೆಯದರಲ್ಲಿ ನಾನು ಜಾಣೆ ಎಂಬ ಹೆಮ್ಮೆ ನನಗಿತ್ತು.

ಕೈಪಿಡಿ ವಾರ್ಡಿಗೆ ಹೋದ ಕೆಲವು ತಿಂಗಳಿಗೆ, ಡಿಸ್ಚಾರ್ಜ್ ಆಗಿ ಹೋಗಿದ್ದ ಹಿರಿಯರೊಬ್ಬರು ಸಕ್ಕರೆ 400 ದಾಟಿಸಿಕೊಂಡು ವಾಪಸ್ ಬಂದರು. ಇನ್ಸುಲಿನ್ ತಗೋತಿದ್ದೀರಾ ಅಂದರೆ ಹೌದು. ಹೊತ್ತಿಗೆ ಸರಿಯಾಗಿಯಾ? ಹೌದು. ಪೆನ್ ಇಟ್ಟ ಜಾಗ, ಯೂನಿಟ್, ಎಲ್ಲ ಸರಿ. ಡಾಕ್ಟರು ಡೋಸ್ ಏರಿಸಿದರು. ಮುಂದಿನ ಭೇಟಿಯಲ್ಲೂ ಅದೇ ಕಥೆ, ಮತ್ತೆ ಏರಿಸಿದರು. ಮೂರನೇ ಸಲ ಅವರು ನನ್ನ ಕೋಣೆಗೆ ಬಂದಾಗ ಪ್ರಶ್ನೆ ಕೇಳುವುದು ಬಿಟ್ಟು, "ನನ್ನೆದುರಿಗೇ ಒಂದು ಸಲ ಮಾಡಿ ತೋರಿಸ್ತೀರಾ ಸರ್?" ಅಂದೆ.

ಸೂಜಿ ತಿರುಗಿಸಿ ಹಾಕಿದರು. ಹೊರಗಿನ ದೊಡ್ಡ ಮುಚ್ಚಳ ತೆಗೆದರು. ಒಳಗೆ ಸೂಜಿಯನ್ನು ಹೊದ್ದುಕೊಂಡ ಸಣ್ಣ ಪ್ಲಾಸ್ಟಿಕ್ ಕೊಳವೆ ಹಾಗೇ ಇತ್ತು. ಅದನ್ನೇ ಹೊಟ್ಟೆಗೆ ಒತ್ತಿ, ಬಟನ್ ಅದುಮಿ, ಶ್ರದ್ಧೆಯಿಂದ ಹತ್ತರವರೆಗೆ ಎಣಿಸಿದರು. ನಂತರ ಕರವಸ್ತ್ರದಿಂದ ಹೊಟ್ಟೆ ಒರೆಸಿಕೊಂಡರು.

"ಸ್ವಲ್ಪ ಒದ್ದೆ ಆಗುತ್ತೆ ಮೇಡಂ. ಆದ್ರೆ ಒಂಚೂರೂ ನೋವಿಲ್ಲ. ಇಷ್ಟು ಒಳ್ಳೇ ಸೂಜಿ ಬಂದಿದೆಯಲ್ಲ ಅಂತ ಮನೇಲೆಲ್ಲ ಹೇಳಿದ್ದೆ."

ಅಷ್ಟು ದಿನ ಒಂದು ಹನಿಯೂ ಮೈಯೊಳಗೆ ಹೋಗಿರಲಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಚೀಟಿಯಲ್ಲಿದ್ದ ಏರಿಸಿದ ಡೋಸ್. ಒಳಮುಚ್ಚಳ ತೆಗೆಯುವುದನ್ನಷ್ಟೇ ಕಲಿಸಿ ಮನೆಗೆ ಕಳಿಸಿದ್ದರೆ ಆ ರಾತ್ರಿಯೇ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ ಡೋಸ್ ಮತ್ತೆ ಮೊದಲಿನದಕ್ಕೆ ಇಳಿಸಿಕೊಂಡೆವು.

ಕಲಿಸಿದ ಸಿಸ್ಟರ್ ತಪ್ಪು ಹೇಳಿಕೊಟ್ಟಿರಲಿಲ್ಲ. ವಾರ್ಡಿನಲ್ಲಿ ಬಳಸುತ್ತಿದ್ದುದು ಸಿಬ್ಬಂದಿಗೆ ಚುಚ್ಚದಂತೆ ತಾನಾಗಿ ಮುಚ್ಚಿಕೊಳ್ಳುವ ಸುರಕ್ಷಾ ಸೂಜಿ. ಅದರಲ್ಲಿ ಕೈಯಿಂದ ತೆಗೆಯುವ ಒಳಮುಚ್ಚಳವೇ ಇಲ್ಲ. ರೋಗಿ ಮನೆಗೆ ಒಯ್ದದ್ದು ಸಾಮಾನ್ಯ ಸೂಜಿ. ಕೈಪಿಡಿಯ ವಾಕ್ಯ ಎರಡಕ್ಕೂ ಹೊಂದುತ್ತಿತ್ತು, ಯಾಕೆಂದರೆ ನಮ್ಮ ಭಾಷೆಯಲ್ಲಿ ವಸ್ತುಗಳಿಗೆ ಬಹುವಚನ ಹಚ್ಚಲೇಬೇಕೆಂದಿಲ್ಲ. 'ಮುಚ್ಚಳ ತೆಗೆಯಿರಿ' ಅಂದರೆ ಒಂದೂ ಆಗಬಹುದು, ಎರಡೂ ಆಗಬಹುದು. ಬರೆದವರ ತಲೆಯಲ್ಲಿ ಎರಡಿತ್ತು, ಓದಿ ಕಲಿಸಿದವರ ಕೈಯಲ್ಲಿ ಒಂದೇ ಇತ್ತು. ಆಮೇಲೆ ಹುಡುಕಿದಾಗ ಹೊಟ್ಟೆ ಇನ್ನಷ್ಟು ಉರಿಯಿತು: ಅಮೆರಿಕದ ಔಷಧ ಸುರಕ್ಷತಾ ಸಂಸ್ಥೆ ಐಎಸ್‌ಎಂಪಿ 2017ರಲ್ಲೇ ಇದೇ ತಪ್ಪಿನ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಅಲ್ಲಿ ಒಬ್ಬ ರೋಗಿ ತೀರಿಕೊಂಡಿದ್ದರು.

ಹಾಗಾದರೆ ಆ ತೊಂಬತ್ತೆರಡು ಅಂಕ ಎಲ್ಲಿಂದ ಬಂತು? ನಾನು ಬಳಸಿದ್ದು ಪೆಮ್ಯಾಟ್ ಎಂಬ ಪಟ್ಟಿ, ಅಮೆರಿಕದ ಸರ್ಕಾರಿ ಸಂಸ್ಥೆ ಎಎಚ್‌ಆರ್‌ಕ್ಯೂ 2013ರಲ್ಲಿ ಹೊರತಂದದ್ದು. ಓದಿದರೆ ಅರ್ಥವಾಗುತ್ತದೆಯೇ, ಓದಿದ ಮೇಲೆ ಏನು ಮಾಡಬೇಕೆಂದು ತಿಳಿಯುತ್ತದೆಯೇ ಎಂದು ಎರಡು ಭಾಗ, ಎರಡಕ್ಕೂ ಶೇಕಡಾವಾರು ಅಂಕ. ಒಳ್ಳೆಯ ಪಟ್ಟಿಯೇ, ಈಗಲೂ ಬಳಸುತ್ತೇನೆ. ಆದರೆ ಅದು ವಿಷಯ ಸರಿಯೋ ತಪ್ಪೋ ಎಂದು ಅಳೆಯುವುದಿಲ್ಲ. ಯಾವ ಪೆಟ್ಟಿಗೆಯ ಸೂಜಿ ಯಾರ ಕೈಗೆ ಹೋಗುತ್ತದೆ ಎಂಬುದಂತೂ ಅದಕ್ಕೆ ಕಾಣುವುದೇ ಇಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಕಾಗದಕ್ಕೆ ಅಂಕ ಕೊಟ್ಟಿದ್ದೆ, ಅಷ್ಟೇ.

(ಓದಲು ಎಷ್ಟು ಸುಲಭ ಎಂದು ಲೆಕ್ಕ ಹಾಕುವ ಸೂತ್ರಗಳ ಮಾತಂತೂ ಬೇಡ. 1969ರ ಸ್ಮಾಗ್ ಸೂತ್ರ ಮೂರು ಅಥವಾ ಹೆಚ್ಚು ಉಚ್ಚಾರಾಂಶವಿರುವ ಪದಗಳನ್ನು ಎಣಿಸಿ ಕಠಿಣ ಅನ್ನುತ್ತದೆ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ 'ತೆಗೆಯಿರಿ' ಅಂದರೇ ನಾಲ್ಕಾಯಿತು. ಆ ಲೆಕ್ಕದಲ್ಲಿ ನಮ್ಮ ಜೋಗುಳವೂ ಪಿಎಚ್‌ಡಿ ಪ್ರಬಂಧ.)

ಈಗ ಯಾವುದೇ ಕೈಪಿಡಿ ಬಂದರೂ ಮೊದಲು ನೋಡುವುದು ಹಿಂದಿನ ರಕ್ಷಾಪುಟ: ಯಾವ ವರ್ಷದ್ದು, ಮುಂದೆ ಯಾವಾಗ ಪರಿಷ್ಕರಣೆ. ತಾರೀಖು ಇಲ್ಲದಿದ್ದರೆ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಪುಟಕ್ಕೆ ಹೋಗುತ್ತೇನೆ. 'ಕ್ರಿಯಾಟಿನಿನ್ 1.5 ದಾಟಿದರೆ ಕೊಡಬೇಡಿ' ಎಂದಷ್ಟೇ ಇದ್ದರೆ ಅದು ಹಳೆಯ ಸರಕು (ಕ್ರಿಯಾಟಿನಿನ್ ಅಂದರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಅಂಶ). ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಬರೀ ಕ್ರಿಯಾಟಿನಿನ್ ಬದಲು ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬ ಲೆಕ್ಕ ಇಜಿಎಫ್‌ಆರ್ ನೋಡಿ, 30ಕ್ಕಿಂತ ಕೆಳಗಿದ್ದರೆ ಬೇಡ ಎಂದು ಬದಲಿಸಿದೆ. ಎರಡನೆಯದು ಜ್ವರ, ವಾಂತಿ ಬಂದ ದಿನ ಏನು ಮಾಡಬೇಕೆಂಬ ಪುಟ. 'ಸಕ್ಕರೆ 250ಕ್ಕಿಂತ ಕಡಿಮೆ ಇದ್ದರೆ ಕೀಟೋನ್ ಬಗ್ಗೆ ಚಿಂತೆ ಬೇಡ' ಎಂದು ಒಂದು ಪೋಸ್ಟರಿನಲ್ಲಿತ್ತು (ಕೀಟೋನ್ ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬು ಉರಿಸಿದಾಗ ಬರುವ ಆಮ್ಲ). ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋಆಸಿಡೋಸಿಸ್, ಅಂದರೆ ಕೀಟೋನ್ ಹೆಚ್ಚಿ ರಕ್ತ ಆಮ್ಲವಾಗುವ ಅಪಾಯ, ಆಗಬಹುದು. ಹಾಗೆ ಹುಷಾರು ತಪ್ಪಿದ ದಿನ ಆ ಮಾತ್ರೆ ನಿಲ್ಲಿಸಲು ಹೇಳುವುದು ಈಗಿನ ಪದ್ಧತಿ. ಆ ಪೋಸ್ಟರನ್ನು ಅವತ್ತೇ ಗೋಡೆಯಿಂದ ಕಿತ್ತೆ, ಟೇಪಿನ ಜೊತೆ ಸ್ವಲ್ಪ ಬಣ್ಣವೂ ಬಂತು. ಬೇರೆ ದೇಶದಿಂದ ಎರವಲು ತಂದದ್ದಾದರೆ ಅಳತೆಯನ್ನೂ ನೋಡಬೇಕು. ರಕ್ತದ ಸಕ್ಕರೆ ಮಿಲಿಮೋಲ್‌ನಲ್ಲಿ 10 ಅಂದರೆ ಮಿಲಿಗ್ರಾಂ ಲೆಕ್ಕದಲ್ಲಿ 180. ಸಿರಿಂಜ್ ಚಿತ್ರ ಯು-100ದ್ದಿದ್ದು (ಮಿಲಿಲೀಟರಿಗೆ ನೂರು ಯೂನಿಟ್), ಕೊಡುವ ಬಾಟಲಿ ಯು-40 (ಮಿಲಿಲೀಟರಿಗೆ ನಲವತ್ತು) ಆಗಿದ್ದರೆ, ಗೆರೆ ನೋಡಿ ಎಳೆದುಕೊಂಡವರಿಗೆ ಹತ್ತು ಯೂನಿಟ್ಟಿನ ಬದಲು ನಾಲ್ಕೇ ಸಿಗುತ್ತದೆ.

ಆದರೆ ಇವೆಲ್ಲ ಇನ್ನೂ ಕಾಗದದ ತಪ್ಪುಗಳೇ. ಮುಚ್ಚಳದ ತಪ್ಪು ಹೀಗೆ ಸಿಗುವುದಿಲ್ಲ. ತರಬೇತಿ ಮುಗಿದಾಗ ತುಂಬಿಸಿಕೊಳ್ಳುವ ಅಭಿಪ್ರಾಯದ ಫಾರಂನಲ್ಲಂತೂ ಸಿಗುವುದೇ ಇಲ್ಲ. ಅದರಲ್ಲಿ ಎಲ್ಲರೂ 'ತುಂಬಾ ಚೆನ್ನಾಗಿತ್ತು' ಎಂದೇ ಬರೆಯುತ್ತಾರೆ, ಊಟದ ಹೊತ್ತಾಗಿರುತ್ತದೆ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇಳಿಯಿತೇ ಎಂದಷ್ಟೇ ನೋಡುವುದೂ ಸಾಲದು. ಬ್ರಿಟನ್ನಿನ ಡೆಸ್ಮಂಡ್ ಶಿಕ್ಷಣ ಕಾರ್ಯಕ್ರಮದ 2008ರ ವರದಿಯಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ ಶಿಕ್ಷಣ ಪಡೆದವರಿಗೂ ಪಡೆಯದವರಿಗೂ ಎಚ್‌ಬಿಎ1ಸಿಯಲ್ಲಿ ಹನ್ನೆರಡು ತಿಂಗಳಾದರೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಶಿಕ್ಷಣ ಪಡೆದವರ ತೂಕ ಹೆಚ್ಚು ಇಳಿದಿತ್ತು, ಸಿಗರೇಟು ಬಿಡುವುದರಲ್ಲಿ, ಕಾಯಿಲೆಯ ತಿಳಿವಳಿಕೆಯಲ್ಲಿ ಸುಧಾರಣೆ ಇತ್ತು. ಒಂದೇ ಸಂಖ್ಯೆ ಹಿಡಿದು ಕೂತಿದ್ದರೆ ಅದನ್ನು ದಂಡ ಅಂದುಬಿಡುತ್ತಿದ್ದೆವು.

ಹಾಗಾಗಿ ಈಗ ಕೈಪಿಡಿ ಬಂದರೆ ಮೂವರು ಸಿಸ್ಟರ್‌ಗಳನ್ನು ಕೂರಿಸುತ್ತೇನೆ. ಎದುರಿಗೆ ರೋಗಿಯಾಗಿ ಅಕೌಂಟ್ಸ್ ವಿಭಾಗದವರೋ ಲಿಫ್ಟ್ ನೋಡಿಕೊಳ್ಳುವವರೋ, ಪೆನ್ ಮುಟ್ಟಿಯೇ ಗೊತ್ತಿಲ್ಲದವರು ಇರಬೇಕು. ಮೇಜಿನ ಮೇಲೆ ರೋಗಿ ಮನೆಗೆ ಒಯ್ಯುವ ಪೆಟ್ಟಿಗೆಯೇ ಇರಬೇಕು, ವಾರ್ಡಿನದಲ್ಲ. ಚುಚ್ಚುವುದು ಸ್ಪಂಜಿಗೆ. ನಾನು ಬಾಯಿ ಮುಚ್ಚಿಕೊಂಡಿರಬೇಕು, ಇದೇ ಬಲು ಕಷ್ಟ. ಕಲಿಸುವವರು ಎಲ್ಲಿ ಪುಟ ಬಿಟ್ಟು ಸ್ವಂತ ಮಾತಿಗೆ ಇಳಿಯುತ್ತಾರೋ ಅಲ್ಲಿ ಗುರುತು ಹಾಕುತ್ತೇನೆ. ಪುಟ ಅವರ ಕೈಬಿಟ್ಟಿದ್ದು ಅಲ್ಲೇ. ಕೊನೆಗೆ 'ಅರ್ಥ ಆಯ್ತಾ?' ಎಂದು ಕೇಳುವಂತಿಲ್ಲ, 'ಈಗ ನೀವೇ ನನಗೆ ಹೇಳಿಕೊಡಿ' ಅನ್ನಬೇಕು. ಒಂದು ಕೈಪಿಡಿಗೆ ಅರ್ಧ ದಿನ ಬೇಕು. ಮೇಲಿನವರಿಗೆ ಇದು ಇಷ್ಟವಿಲ್ಲ, ಅಂಕ ಕೊಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತಲ್ಲ ಅನ್ನುತ್ತಾರೆ.

ಮೂರನೇ ಹಂತವನ್ನು ನಾನು ಮೊದಲು ತಿದ್ದಿದ ರೀತಿಯೂ ಪೆದ್ದುತನದ್ದೇ. ಸೂಜಿಯ ಬಗೆಗಳು, ಹೊರಮುಚ್ಚಳ, ಒಳಮುಚ್ಚಳ ಎಂದು ಐದು ಸಾಲು ವಿವರಣೆ ಬರೆದೆ. ಪರೀಕ್ಷೆಯಲ್ಲಿ ಮೂವರೂ ಅದನ್ನು ಓದದೇ ಹಾರಿದರು. ಕೊನೆಗೆ ಪಠ್ಯ ತೆಗೆದು ಒಂದು ಫೋಟೊ ಹಾಕಿದೆವು: ಮೇಜಿನ ಮೇಲೆ ದೊಡ್ಡದೊಂದು, ಚಿಕ್ಕದೊಂದು ಮುಚ್ಚಳ, ಪಕ್ಕದಲ್ಲಿ ತುದಿ ಕಾಣುವ ಸೂಜಿ. ಕೆಳಗೆ, 'ಎರಡು ಮುಚ್ಚಳ ಕಾಣದಿದ್ದರೆ ಚುಚ್ಚಬೇಡಿ.' ಆಮೇಲೆ ಎರಡು ಯೂನಿಟ್ ಗಾಳಿಗೆ ಬಿಟ್ಟು, ಹನಿ ಸೂಜಿಯ ತುದಿಯಲ್ಲೇ ನೋಡಬೇಕು. ಆ ಹಿರಿಯರೂ ಹನಿ ನೋಡಿದ್ದರಂತೆ, ಕೊಳವೆಯ ಒಳಗೆ.

ಅವರಿಗೆ ಕಲಿಸಿದ್ದ ಸಿಸ್ಟರ್ ಈಗ ನಮ್ಮ ಪರೀಕ್ಷೆಯ ಮೊದಲ ಆಸಾಮಿ. ಹೊಸ ಪುಟ ನೋಡಿ ಹೋದವಾರ ಚೀಟಿ ಕಳಿಸಿದ್ದರು: "ಎರಡೂ ತೆಗೀರಿ ಅಂತೀರಿ, ಜನ ಎರಡೂ ಎಸೀತಾರೆ. ಸೂಜಿ ಬಿಚ್ಚೋಕೆ ದೊಡ್ಡದು ಮತ್ತೆ ಬೇಕಲ್ಲ ಮೇಡಂ?" ಫೋಟೊ ಇನ್ನೊಮ್ಮೆ ತೆಗೆಯಬೇಕು. ಗುರುವಾರಕ್ಕೆ ಲಿಫ್ಟಿನವರನ್ನು ಕೇಳಿಟ್ಟಿದ್ದೇನೆ.