ಮೂರು ತಿಂಗಳಿಗೆಂದು ಬಂದ ಪಡೆ

ಸೈಪ್ರಸ್ ದ್ವೀಪದ ರಾಜಧಾನಿ ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ ಅಂಗಡಿಸಾಲು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸೈಪ್ರಸ್ ಪೊಲೀಸರಿಗೆ ಪಾಸ್‌ಪೋರ್ಟ್ ತೋರಿಸಿ ನಾಲ್ಕು ಹೆಜ್ಜೆ ಹಾಕಿದರೆ ಮತ್ತೆ ಪೊಲೀಸರು, ಈ ಸಲ ಉತ್ತರದ ತುರ್ಕರ ಕಡೆಯವರು. ನಡುವಿನ ನೆಲದ ಕಾವಲು ವಿಶ್ವಸಂಸ್ಥೆಯದು. ಅಕ್ಕಪಕ್ಕ ಹೊಡೆದಿದ್ದ ಹಲಗೆಗಳ ಸಂದಿಯಿಂದ ಇಣುಕಿದೆ. ದ್ವೀಪವನ್ನು ತುರ್ಕರ ಉತ್ತರ, ಗ್ರೀಕರ ದಕ್ಷಿಣ ಎಂದು ಒಡೆದ 1974ರ ಯುದ್ಧದಲ್ಲಿ ತೊರೆದ ಮನೆ, ಜೋತುಬಿದ್ದ ಬಾಲ್ಕನಿ, ಹರಿದ ಮರಳುಚೀಲದಲ್ಲಿ ಬೆಳೆದ ಹುಲ್ಲು.

1964ರ ಮಾರ್ಚ್‌ನಲ್ಲಿ ಗ್ರೀಕರು, ತುರ್ಕರ ಕಾದಾಟ ತಡೆಯಲು ವಿಶ್ವಸಂಸ್ಥೆ ಈ ಶಾಂತಿಪಾಲನಾ ಪಡೆಯನ್ನು ಕಳಿಸಿದ್ದು ಮೂರು ತಿಂಗಳ ಮಟ್ಟಿಗೆ! ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅದರ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ, ಈ ದ್ವೀಪದಲ್ಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ನೋಡಿದಂದಿನಿಂದ ಇಲ್ಲಿಗೆ ಬರುವ ಹುಚ್ಚು ಹತ್ತಿತ್ತು.

ಉತ್ತರದ ಬದಿಯಲ್ಲಿ ಕಾಫಿ ತಂದಿಟ್ಟ ಮುದುಕರನ್ನು ಕೇಳಿದೆ: ಈ ಪಡೆ ಇನ್ನೂ ಬೇಕೆ? “2004ರಲ್ಲಿ ಒಂದಾಗೋಣ ಎಂದು ಮತ ಹಾಕಿದವನು ನಾನು. ಇವರು ಇದ್ದರೆ ಜಗಳವಿಲ್ಲ, ರಾಜಿಯೂ ಇಲ್ಲ” ಎಂದರು. ಆ ಜನಮತದಲ್ಲಿ ಉತ್ತರದ ಶೇ. 65ರಷ್ಟು ಜನ ಒಪ್ಪಿದರೆ ದಕ್ಷಿಣದ ಶೇ. 76ರಷ್ಟು ಗ್ರೀಕರು ಒಲ್ಲೆ ಎಂದಿದ್ದರು. ಮುದುಕರ ಸಿಟ್ಟು ಇನ್ನೂ ಆರಿರಲಿಲ್ಲ.

ಅವರ ಮಾತಿನ ಅರ್ಧ ನನಗೂ ಸರಿಯೆನಿಸಿತು. ಗುಂಡಿನ ಸದ್ದಿಲ್ಲದ ಕಡೆ ಯಾರಿಗೂ ಅವಸರವಿರುವುದಿಲ್ಲ. ಪ್ರತಿ ಜನವರಿಯಲ್ಲಿ ಭದ್ರತಾ ಮಂಡಳಿ ಕೈಯೆತ್ತಿ ಅವಧಿ ಮುಂದೂಡುತ್ತದೆ, ನಾಯಕರು ನಿಟ್ಟುಸಿರು ಬಿಡುತ್ತಾರೆ. ಹಾಗೆಂದು ಗಂಟುಮೂಟೆ ಕಟ್ಟಿಸುವುದೇ? 2023ರ ಆಗಸ್ಟ್‌ನಲ್ಲಿ ಪೈಲಾ ಎಂಬ ಹಳ್ಳಿಯ ಬಳಿ, ಒಂದು ರಸ್ತೆಯ ತಕರಾರಿಗೆ, ಅಡ್ಡ ನಿಂತ ಶಾಂತಿಪಾಲಕರಿಗೇ ಉತ್ತರದವರು ಗುದ್ದಿದರು. ಶಾಂತಿಪಾಲಕರ ವಾಹನಗಳನ್ನು ಯಂತ್ರ ತಂದು ಪಕ್ಕಕ್ಕೆ ತಳ್ಳಿದರು. ನಡುವೆ ಇವರಿಲ್ಲದಿದ್ದರೆ ಆ ಗುದ್ದು ಯಾರ ಮೈಮೇಲೆ ಬೀಳುತ್ತಿತ್ತು, ಅದಕ್ಕೆ ಉತ್ತರ ಯಾವುದರಿಂದ ಬರುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಖರ್ಚಿನ ಮಾತೆತ್ತುವವರ ವಾದವಂತೂ ನನಗೆ ರುಚಿಸುವುದಿಲ್ಲ. ಈ ಪಡೆಯ ವೆಚ್ಚದ ಮೂರನೆಯ ಒಂದು ಪಾಲನ್ನು ಸೈಪ್ರಸ್ ಸರಕಾರವೇ ಕೊಡುತ್ತದೆ, ಗ್ರೀಸ್ ವರ್ಷಕ್ಕೆ 65 ಲಕ್ಷ ಡಾಲರ್ ಸೇರಿಸುತ್ತದೆ. ಈ ಪಡೆ ಬೇಕೋ ಬೇಡವೋ ಎಂದು ಪರಾಮರ್ಶೆ ಮಾಡುವುದಾದರೆ ಭದ್ರತಾ ಮಂಡಳಿ ಎಂಟುನೂರು ಚಿಲ್ಲರೆ ಸೈನಿಕರ ತಲೆಯೆಣಿಕೆ ಬಿಟ್ಟು, ಅವಧಿ ಮುಂದೂಡುವಾಗಲೆಲ್ಲ ಎರಡೂ ಕಡೆಯ ನಾಯಕರನ್ನು ನ್ಯೂಯಾರ್ಕಿಗೆ ಕರೆಸಿ, ಕಳೆದ ವರ್ಷ ಎಷ್ಟು ಸಲ ಎದುರುಬದುರು ಕೂತಿರಿ ಎಂದು ಎಲ್ಲರೆದುರು ಕೇಳಲಿ.